ಕ್ರಾಫ್ಟ್ ಬರದವರೂ ಗಿಫ್ಟ್‌ಗೆ ಕೈಯಾರೆ ಏನು ಮಾಡಬಹುದು?

ಕ್ರಾಫ್ಟ್ ಅಭ್ಯಾಸ ಇಲ್ಲ, ಆದ್ರೂ ಕೈಯಾರೆ ಮಾಡಿದ್ದನ್ನೇ ಗಿಫ್ಟ್ ಕೊಡಬೇಕು, ಮನೆಯಲ್ಲಿಡೋಕೂ ಒಂದೆರಡು ಬೇಕು, ಸುಲಭದ್ದು ಹೇಳಿ ಅಂತ ಕೇಳಿದ್ದೀರಿ. ಗಿಫ್ಟ್‌ಗಾದರೆ ನಾನು ಹೇಳೋದು ಒಂದೇ, ನೋಟ್‌ಬುಕ್ ಹೊಲಿಯಿರಿ. ಪೇಪರ್ ಹೂವು, ಐಸ್‌ಕ್ರೀಮ್ ಕಡ್ಡಿಯ ಮನೆ ಎಲ್ಲ ವಿಡಿಯೋದಲ್ಲಿ ನೋಡೋಕೆ ಚೆಂದ. ಆದರೆ ತಗೊಂಡವರ ಮನೆಯಲ್ಲಿ ಸ್ವಲ್ಪ ದಿನ ಧೂಳು ಹಿಡಿದು ಆಮೇಲೆ ಅಟ್ಟ ಸೇರುತ್ತವೆ. ನೋಟ್‌ಬುಕ್ ಹಾಗಲ್ಲ, ಬರೆದು ಖಾಲಿ ಮಾಡ್ತಾರೆ.

8 ಎ4 ಹಾಳೆ ತಗೊಳ್ಳಿ. ಎಲ್ಲ ಒಟ್ಟಿಗೆ ಮಡಚಿದರೆ ಮಡಿಕೆ ಸರಿಯಾಗಿ ಕೂರಲ್ಲ, ಅದಕ್ಕೆ ಎರಡೆರಡಾಗಿ ಅರ್ಧಕ್ಕೆ ಮಡಚಿ ಒಂದರೊಳಗೊಂದು ಸೇರಿಸಿ. 32 ಪುಟ ಆಯ್ತು. ಹೊರಗಡೆ ಸ್ವಲ್ಪ ದಪ್ಪ ಕಾಗದದ ಹೊದಿಕೆ. ಮಡಿಕೆಯ ಗೆರೆ ಮೇಲೆ ಮೂರು ತೂತು ಬೇಕು: ಒಂದು ನಟ್ಟನಡುವೆ, ಇನ್ನೆರಡು ಮೇಲಿನ ಮತ್ತು ಕೆಳಗಿನ ಅಂಚಿನಿಂದ 3 ಸೆಂ.ಮೀ. ಒಳಗೆ. ಇವನ್ನು ಮೊದಲೇ ಚುಚ್ಚಿಟ್ಟುಕೊಳ್ಳಿ, ಹೊಲಿಯುತ್ತಾ ಚುಚ್ಚೋಕೆ ಹೋದರೆ ಸೂಜಿ ಗೆರೆ ಬಿಟ್ಟು ಪಕ್ಕಕ್ಕೆ ಸರಿಯುತ್ತೆ. ದಾರ 55 ಸೆಂ.ಮೀ. ಸಾಕು, ಎಂಬ್ರಾಯ್ಡರಿ ದಾರ ಇದ್ದರೆ ಇನ್ನೂ ಚೆನ್ನ. ಪುಸ್ತಕ ಬಿಡಿಸಿಟ್ಟುಕೊಂಡು ನಡುವಿನ ತೂತಲ್ಲಿ ಒಳಗಿಂದ ಸೂಜಿ ಹೊರಗೆ ಹಾಕಿ, ದಾರದ ತುದಿ ಒಂದಷ್ಟು ಒಳಗೇ ಉಳಿಯಲಿ. ಮೇಲಿನ ತೂತಿಂದ ಒಳಗೆ ಬನ್ನಿ. ಒಳಗಡೆಯೇ ಉದ್ದಕ್ಕೆ ಹೋಗಿ ಕೆಳಗಿನ ತೂತಿಂದ ಹೊರಗೆ, ಮತ್ತೆ ನಡುವಿನ ತೂತಿಂದ ಒಳಗೆ. ಈಗ ಒಳಗೆ ಕಾಣೋ ಉದ್ದದ ಹೊಲಿಗೆಯ ಆಚೆಗೊಂದು ಈಚೆಗೊಂದು ತುದಿ ಬರೋ ಹಾಗೆ ಇಟ್ಟು, ಹೊಲಿಗೆ ಮೇಲೆಯೇ ಬಿಗಿಯಾಗಿ ಎರಡು ಗಂಟು ಹಾಕಿ. ದಾರ ಎಳೆಯುವಾಗ ಯಾವಾಗಲೂ ಮಡಿಕೆಯ ಉದ್ದಕ್ಕೇ ಎಳೆಯಿರಿ, ಮೇಲಕ್ಕೆ ಎತ್ತಿ ಎಳೆದರೆ ಹಾಳೆ ಹರಿಯುತ್ತೆ. ಒಳಗಿನ ಹಾಳೆಗಳು ಅಂಚಲ್ಲಿ ಒಂಚೂರು ಹೊರಗೆ ಬಂದಿರುತ್ತವೆ, ಅದು ಸಹಜ. ಸ್ಟೀಲ್ ಸ್ಕೇಲ್ ಇಟ್ಟು ಕಟರ್‌ನಲ್ಲಿ ಕತ್ತರಿಸಿದರೆ ಅಂಗಡಿಯಿಂದ ತಂದ ಹಾಗೇ ಕಾಣುತ್ತೆ. ಹೊದಿಕೆ ಮೇಲೆ ಏನೂ ಅಂಟಿಸಬೇಡಿ ಅನ್ನೋದು ನನ್ನ ಅಭಿಪ್ರಾಯ, ಬೆನ್ನ ಮೇಲೆ ಕಾಣೋ ಬಣ್ಣದ ದಾರವೇ ಸಾಕು.

ಮನೆಗಾದರೆ ಖಾಲಿ ಗಾಜಿನ ಜಾಡಿ ಹಿಡೀರಿ. ಲೇಬಲ್ ಬಿಸಿನೀರಲ್ಲಿ ನೆನೆಸಿ ತೆಗೀರಿ, ಉಳಿದ ಅಂಟಿಗೆ ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪಿನಲ್ಲಿ ಚೆನ್ನಾಗಿ ತೊಳೀರಿ. ಎಣ್ಣೆ ಉಳಿದರೆ ಕಾಗದ ಹಿಡಿಯಲ್ಲ. ಚಿತ್ರ ಇರೋ ಪೇಪರ್ ನ್ಯಾಪ್ಕಿನ್‌ನಲ್ಲಿ ಎರಡೋ ಮೂರೋ ಪದರ ಇರುತ್ತೆ. ಚಿತ್ರದ ಪದರ ಮಾತ್ರ ಬೇರ್ಪಡಿಸಿ. ಬಿಳಿ ಗಮ್‌ಗೆ ಸ್ವಲ್ಪ ನೀರು ಬೆರೆಸಿ ಗಾಜಿಗೆ ಹಚ್ಚಿ, ಪದರ ಇಟ್ಟು, ಅದರ ಮೇಲೆ ಬ್ರಷ್‌ನಲ್ಲಿ ನಡುವಿಂದ ಅಂಚಿಗೆ ತೆಳ್ಳಗೆ ಮತ್ತೊಂದು ಸಲ ಗಮ್ ಬಳಿಯಿರಿ. ಒದ್ದೆ ಇರುವಾಗ ಬೆಳ್ಳಗೆ ಕಾಣೋ ಗಮ್ ಒಣಗಿದ ಮೇಲೆ ಮಾಯ. ಒಳಗೆ ಮೇಣದಬತ್ತಿ ಬೇಡ, ಹೊರಗೆ ಕಾಗದ ಇದೆ ಅಲ್ವಾ. ಬ್ಯಾಟರಿಯ ಎಲ್‌ಇಡಿ ಸರ ಹಾಕಿ. ಜಾಡಿ ಹೊರಗಡೆ ತೊಳೆಯೋಕೂ ಹೋಗಬೇಡಿ, ಗಮ್ ಬಿಟ್ಟುಕೊಳ್ಳುತ್ತೆ.

ಗೋಡೆಗೆ ಏನಾದರೂ ಬೇಕಂದ್ರೆ ಒಣಗಿಸಿದ ಹೂವಿನ ಫ್ರೇಮ್ ಮಾಡಬಹುದು. ತೆಳ್ಳನೆ ಎಸಳಿನ ಹೂವು ಆರಿಸಿ, ನೀರು ಹೀರೋ ಕಾಗದದ ನಡುವೆ ಇಟ್ಟು ದಪ್ಪ ಪುಸ್ತಕದಲ್ಲಿ 2ರಿಂದ 3 ವಾರ ಬಿಟ್ಟುಬಿಡಿ. ಫ್ರೇಮ್‌ಗೆ ನೇರ ಬಿಸಿಲು ಬಿದ್ದರೆ ಬಣ್ಣ ಹೋಗುತ್ತೆ.

ಮ್ಯಾಕ್ರಮೆ, ಅಂದ್ರೆ ಹಗ್ಗಕ್ಕೆ ಗಂಟು ಹಾಕುತ್ತಾ ಹೆಣೆಯೋ ಕೆಲಸ, ಅದನ್ನೂ ಕೆಲವರು ಸುಲಭ ಅಂತಾರೆ. ಗಂಟು ಸುಲಭವೇ, ಆದರೆ ಹಗ್ಗ ಜಾಸ್ತಿ ಬೇಕು. ಒಂದೊಂದು ಎಳೆ, ಮುಗಿದ ಉದ್ದದ 4 ಪಟ್ಟಾದರೂ ಇರಬೇಕು, ಅರ್ಧಕ್ಕೆ ಮಡಚಿ ಕಟ್ಟೋದಾದರೆ 8 ಪಟ್ಟು. ರೆಸಿನ್ (ಎರಡು ದ್ರವ ಬೆರೆಸಿ ಅಚ್ಚಿಗೆ ಸುರಿದು ಗಟ್ಟಿಯಾಗಿಸೋದು) ಸದ್ಯಕ್ಕೆ ಬಿಟ್ಟುಬಿಡಿ, ಅದಕ್ಕೆ ಗ್ಲೌಸ್ ಬೇಕು, ಗಾಳಿಯಾಡೋ ಜಾಗ ಬೇಕು, ಅಳತೆ ತಪ್ಪಿದರೆ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತೆ.

ಗಿಫ್ಟ್ ಕೊಡೋ ದಿನ ಹತ್ತಿರ ಇದ್ದರೆ ಹೂವು ಆಗಲ್ಲ, ನೋಟ್‌ಬುಕ್ ಒಂದೇ ಸಂಜೆಗೆ ಮುಗಿಯುತ್ತೆ. ಮೊದಲು ಸುಮ್ನೆ ಹಳೇ ಹಾಳೆಯಲ್ಲಿ ಒಂದು ಹೊಲಿದು ನೋಡಿ, ಒಳ್ಳೆ ಕಾಗದ ಎರಡನೆಯದಕ್ಕೆ ಇಟ್ಟುಕೊಳ್ಳಿ.