ವಾಹನ ಪ್ರಶ್ನೋತ್ತರ: ಮುಚ್ಚಳದಡಿಯ ಕೆನೆ, ಡಿಪ್‌ಸ್ಟಿಕ್‌ನ ಮಸಿ

ಪ್ರಶ್ನೆ: ನನ್ನದು ಆರು ವರ್ಷ ಹಳೆಯ ಪೆಟ್ರೋಲ್ ಕಾರು. ಮನೆಯಿಂದ ಕಚೇರಿಗೆ ಮೂರು ಕಿ.ಮೀ. ಹೋಗಿ ಬರುವುದು ಬಿಟ್ಟರೆ ಅದಕ್ಕೆ ಬೇರೆ ಓಡಾಟವಿಲ್ಲ. ಒಟ್ಟು ಓಡಿರುವುದು 14,000 ಕಿ.ಮೀ. ಎಂಜಿನ್ ಆಯಿಲನ್ನು 10,000 ಕಿ.ಮೀ.ಗೆ ಒಮ್ಮೆ ಬದಲಾಯಿಸಬೇಕೆಂದು ತಿಳಿದು ಇದುವರೆಗೆ ಒಂದೇ ಸಲ ಬದಲಾಯಿಸಿದ್ದೇನೆ. ಕಳೆದ ವಾರ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅದರ ಒಳಮೈಗೆ ತಿಳಿಹಳದಿ ಬಣ್ಣದ ಕೆನೆಯಂಥದ್ದು ಮೆತ್ತಿಕೊಂಡಿತ್ತು, ಒಳಗೆ ಕಪ್ಪು ಕಿಟ್ಟವೂ ಕಂಡಿತು. ಒಬ್ಬ ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಯಲ್ಲಿದ್ದು, ಆಯಿಲ್ ಮತ್ತು ತಂಪುದ್ರವ ಬೆರೆಯದಂತೆ ತಡೆಯುವ ಪದರ) ಹೋಗಿದೆ, ಎಂಜಿನ್ ಬಿಚ್ಚಬೇಕು ಎನ್ನುತ್ತಾರೆ. ಮತ್ತೊಬ್ಬರು ಫ್ಲಶ್ (ದ್ರಾವಣ ಹಾಕಿ ಎಂಜಿನ್ನಿನ ಒಳಗನ್ನು ತೊಳೆಯುವುದು) ಮಾಡಿಸಿದರೆ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ನೀವು ಕಂಡ ಕೆನೆ ಮತ್ತು ಕಿಟ್ಟ ಎರಡೂ ಬೇರೆ ಬೇರೆ ಸಂಗತಿಗಳು. ಅವನ್ನು ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಮೊದಲು ಕೆನೆಯನ್ನು ನೋಡೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸರಿಸುಮಾರು ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಸೈಲೆನ್ಸರ್ ಮೂಲಕ ಹೊರಹೋದರೂ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ ಎಂಜಿನ್ನಿನ ಕೆಳಭಾಗಕ್ಕೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದಾಗ ಈ ತೇವ ಮತ್ತೆ ಆವಿಯಾಗಿ, ಪಿಸಿವಿ ಎಂಬ ಪುಟ್ಟ ವಾಲ್ವ್ ಮೂಲಕ ಉಸಿರಿನಂತೆ ಹೊರಗೆ ಎಳೆಯಲ್ಪಡುತ್ತದೆ. ಮೂರು ಕಿ.ಮೀ. ಓಡಾಟದಲ್ಲಿ ಅಷ್ಟು ಬಿಸಿ ಬರುವುದೇ ಇಲ್ಲ. ಡ್ಯಾಶ್‌ಬೋರ್ಡಿನ ಮುಳ್ಳು ನಡುವಿಗೆ ಬಂದಿತಲ್ಲ ಎಂದು ನೀವು ಕೇಳಬಹುದು. ಆ ಮುಳ್ಳು ತೋರಿಸುವುದು ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲೆಂಟಿನ ಬಿಸಿಯನ್ನು, ಆಯಿಲ್ ಬಿಸಿಯಾಗಲು ಅದಕ್ಕಿಂತ ಬಹಳ ಹೊತ್ತು ಬೇಕು. ಹೀಗೆ ಉಳಿದ ತೇವವು ಎಂಜಿನ್ನಿನ ಅತ್ಯಂತ ತಣ್ಣಗಿನ ಜಾಗವಾದ ಮುಚ್ಚಳದ ಒಳಮೈಯಲ್ಲಿ ಹನಿಗಟ್ಟಿ, ಆಯಿಲಿನೊಡನೆ ಕಡೆದು ಕೆನೆಯಾಗುತ್ತದೆ. ಕಸುಬಿಗೆ ಬಂದ ಹೊಸತರಲ್ಲಿ ನಾನೂ ಮುಚ್ಚಳದ ಕೆನೆಯೊಂದನ್ನೇ ನಂಬಿ ಒಂದು ಎಂಜಿನ್ನಿನ ಹೆಡ್ ಇಳಿಸಿದ್ದೆ. ಗ್ಯಾಸ್ಕೆಟ್ ಹೊಸದರಂತೆ ಇತ್ತು.

ಆದ್ದರಿಂದ ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ನೋಡಿ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಒಮ್ಮೆ ಒರೆಸಿ ಮತ್ತೆ ಅದ್ದಿ ತೆಗೆಯಿರಿ. ಕಡ್ಡಿಯ ತುದಿಯಲ್ಲಿ ಆಯಿಲ್ ಕಂದಾಗಿ ಪಾರದರ್ಶಕವಾಗಿದ್ದು, ಕೆನೆ ಮುಚ್ಚಳದಲ್ಲಷ್ಟೇ ಇದ್ದರೆ ಅದು ತೇವವೇ ಆಗಿರುವ ಸಂಭವ ಹೆಚ್ಚು. ಮುಚ್ಚಳವನ್ನು ಬಟ್ಟೆಯಿಂದ ಒರೆಸಿ, ತಣ್ಣಗಿನ ಎಂಜಿನ್ನಿನಲ್ಲಿ ಕೂಲೆಂಟ್ ಡಬ್ಬಿಯ ಮೇಲೆ ಈಗಿನ ಮಟ್ಟಕ್ಕೆ ಒಂದು ಗೆರೆ ಹಾಕಿ, ಕಾರನ್ನು ಮುಕ್ಕಾಲು ಗಂಟೆ ಹೆದ್ದಾರಿಯಲ್ಲಿ ಓಡಿಸಿ. ಹೀಗೆ ವಾರಕ್ಕೊಮ್ಮೆಯಂತೆ ಮೂರು ವಾರ ಮಾಡಿದ ಮೇಲೂ ಕೂಲೆಂಟ್ ಗೆರೆಯಿಂದ ಇಳಿಯದೆ, ಕೆನೆಯೂ ಮರಳದೆ ಇದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮಾತನ್ನು ಮರೆತುಬಿಡಿ.

ಕಡ್ಡಿಯ ಮೇಲಿನ ಆಯಿಲೇ ಹಾಲು ಬೆರೆತಂತೆ ಮಸುಕಾಗಿದ್ದು, ಕೂಲೆಂಟ್ ಇಳಿಯುತ್ತಿದ್ದರೆ, ಅಥವಾ ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಕಥೆಯೇ ಬೇರೆ. ಆಗ ಕಾರನ್ನು ಓಡಿಸಬಾರದು, ಏಕೆಂದರೆ ಕೂಲೆಂಟಿನಲ್ಲಿರುವ ಗ್ಲೈಕಾಲ್ ಆಯಿಲಿನ ಜಾರುಗುಣವನ್ನು ಕೆಡಿಸಿ ಬೇರಿಂಗುಗಳನ್ನು ತಿನ್ನುತ್ತದೆ. ಹೆಡ್ ಬಿಚ್ಚುವ ಮೊದಲು ಕೂಲೆಂಟಿನಲ್ಲಿ ಸುಟ್ಟ ಅನಿಲವಿದೆಯೇ ಎಂದು ತೋರಿಸುವ ನೀಲಿ ದ್ರವದ ಪರೀಕ್ಷೆ ಮಾಡಿಸಿ; ಅನಿಲವಿದ್ದರೆ ಆ ನೀಲಿ ಹಳದಿಗೆ ತಿರುಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಆಯಿಲನ್ನು ತಂಪಾಗಿಸುವ ಆಯಿಲ್ ಕೂಲರಿನ ಒಳಗೇ ಸೋರಿಕೆಯಾಗಿ ಆಯಿಲ್ ಮತ್ತು ಕೂಲೆಂಟ್ ಬೆರೆಯುವುದುಂಟು. ಗ್ಯಾಸ್ಕೆಟ್ಟಿಗಿಂತ ಮೊದಲು ಅದನ್ನು ನೋಡುವುದು ಜಾಣತನ.

ಇನ್ನು ಕಿಟ್ಟ. ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಇದೇ. ಕೈಪಿಡಿಗಳಲ್ಲಿ 10,000 ಕಿ.ಮೀ. ಎಂಬ ಅಂಕೆಯ ಪಕ್ಕದಲ್ಲಿ 'ಅಥವಾ ಒಂದು ವರ್ಷ, ಯಾವುದು ಮೊದಲೋ ಅದು' ಎಂಬ ಮಾತು ಸಾಮಾನ್ಯವಾಗಿ ಇರುತ್ತದೆ. ಓದುವವರ ಕಣ್ಣು ಅಂಕೆಯ ಮೇಲೆಯೇ ನಿಂತುಬಿಡುತ್ತದೆ. ನಿಮ್ಮ ಆಯಿಲ್ ದೂರದ ಲೆಕ್ಕದಲ್ಲಿ ಹೊಸದು, ಕಾಲದ ಲೆಕ್ಕದಲ್ಲಿ ಮುದಿಯಾದದ್ದು. ಗಾಳಿಯ ಆಮ್ಲಜನಕ, ನೀರು, ಅರೆಬೆಂದ ಪೆಟ್ರೋಲ್ ಮತ್ತು ಆಮ್ಲಗಳು ಸೇರಿ ಆಯಿಲಿನಲ್ಲಿ ಬೆರೆಸಿರುವ ಶುದ್ಧಿಕಾರಕಗಳ ಶಕ್ತಿ ಮುಗಿದಾಗ, ತೇಲುತ್ತಿದ್ದ ಕೊಳೆ ಒಂದಕ್ಕೊಂದು ಅಂಟಿ ಗಸಿಯಾಗಿ ಕೂರುತ್ತದೆ. ಪಿಸಿವಿ ವಾಲ್ವ್ ಕಟ್ಟಿಕೊಂಡಿದ್ದರೆ ಇದು ಇನ್ನೂ ಬೇಗ ಆಗುತ್ತದೆ.

ಮುಚ್ಚಳದ ತೂತಿನಿಂದ ಟಾರ್ಚ್ ಬಿಟ್ಟು ನೋಡಿ. ಲೋಹದ ಮೇಲೆ ಚಹಾಕಲೆಯಂತೆ ತೆಳ್ಳನೆಯ ಹೊಂಗಂದು ಲೇಪವಿದ್ದು, ಬೆರಳಿಗೆ ಅಂಟದಿದ್ದರೆ ಅದು ವಾರ್ನಿಷ್, ಗಾಬರಿ ಬೇಡ. ಬೆರಳಾಡಿಸಿದಾಗ ಡಾಂಬರಿನಂತೆ ದಪ್ಪಗೆ ಎದ್ದು ಬಂದರೆ ಅದು ಗಸಿ. ಹಾಗಿದ್ದಲ್ಲಿ ಫ್ಲಶ್‌ಗೆ ನಾನು ಒಪ್ಪುವುದಿಲ್ಲ. ಆ ದ್ರಾವಣ ಗಸಿಯನ್ನು ಪೂರ್ತಿ ಕರಗಿಸದೆ ಚೂರು ಚೂರಾಗಿ ಕಿತ್ತರೆ, ಆ ಚೂರುಗಳು ಆಯಿಲ್ ಪಂಪಿನ ಬಾಯಿಗಿರುವ ಜಾಲರಿಯನ್ನೇ ಮುಚ್ಚುತ್ತವೆ. ಆಮೇಲೆ ವಾಲ್ವುಗಳನ್ನು ತೆರೆಯುವ ಮೇಲಿನ ಕ್ಯಾಮ್‌ಶಾಫ್ಟಿಗೆ ಆಯಿಲ್ ಏರುವುದಿಲ್ಲ. ಗಸಿ ದಪ್ಪಗಿದ್ದರೆ ಕೆಳಗಿನ ಆಯಿಲ್ ಪ್ಯಾನ್ ಇಳಿಸಿ, ಜಾಲರಿಯನ್ನು ತೊಳೆಸಿ, ಪಿಸಿವಿ ವಾಲ್ವ್ ಬದಲಿಸಿ. ನಂತರ ಕೈಪಿಡಿ ಹೇಳಿದ ದರ್ಜೆಯ ಒಳ್ಳೆಯ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಿ, ಅವನ್ನು 1,500 ಕಿ.ಮೀ. ಅಥವಾ ಮೂರು ತಿಂಗಳಿಗೇ ಬದಲಿಸಿ. ಇನ್ನೊಮ್ಮೆಯೂ ಹಾಗೆಯೇ ಮಾಡಿ. ಹೊಸ ಆಯಿಲಿನ ಶುದ್ಧಿಕಾರಕಗಳೇ ಉಳಿದ ಕೊಳೆಯನ್ನು ನಿಧಾನವಾಗಿ ಬಿಡಿಸುತ್ತವೆ. ಈ ನಡುವೆ ಆಯಿಲ್ ಒತ್ತಡದ ಕೆಂಪು ದೀಪ ಕ್ಷಣಮಾತ್ರ ಮಿನುಗಿದರೂ ಎಂಜಿನ್ ಆರಿಸಿ; ಗ್ಯಾರೇಜಿಗೆ ಎಳೆಸಿಕೊಂಡೇ ಹೋಗಿ.

ಪ್ರಶ್ನೆ: ಡೀಸೆಲ್ ಕಾರಿಗೆ ಆಯಿಲ್ ಬದಲಿಸಿ 200 ಕಿ.ಮೀ. ಕೂಡ ಆಗಿಲ್ಲ, ಆಗಲೇ ಕಾಡಿಗೆಯಂತೆ ಕಪ್ಪಾಗಿದೆ. ಹಳೆಯ ಆಯಿಲನ್ನೇ ಹಾಕಿ ಮೋಸ ಮಾಡಿದರೇ?

ಉತ್ತರ: ಬಣ್ಣವೊಂದರಿಂದಲೇ ಹಾಗೆ ಹೇಳಲಾಗದು. ಡೀಸೆಲ್ ದಹನದಲ್ಲಿ ಮಸಿ ಹುಟ್ಟುತ್ತದೆ. ಆಯಿಲ್ ಬಸಿದಾಗಲೂ ಸಂದುಗಳಲ್ಲಿ ಸ್ವಲ್ಪ ಹಳತು ಉಳಿದೇ ಇರುತ್ತದೆ. ಆ ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೇ ಆಯಿಲಿನ ಕೆಲಸ. ಖಾತ್ರಿಗಾಗಿ ಒಂದು ಹನಿಯನ್ನು ಕಾಫಿ ಸೋಸುವ ಕಾಗದದ ಮೇಲೆ ಬಿಟ್ಟು ಕೆಲವು ಗಂಟೆ ಕಾಯಿರಿ. ಮಸಿ ನಡುವಿನಿಂದ ಅಂಚಿನವರೆಗೆ ಬೂದುಬಣ್ಣವಾಗಿ ಹರಡಿದರೆ ಆಯಿಲಿಗೆ ಇನ್ನೂ ಕಸುವಿದೆ. ನಡುವೆ ದಟ್ಟ ಕಪ್ಪು ಬೊಟ್ಟಾಗಿ ಕುಳಿತು ಸುತ್ತ ಬರೀ ಎಣ್ಣೆಯ ಉಂಗುರವಿದ್ದರೆ ಅದು ಮುಗಿದ ಆಯಿಲು. 200 ಕಿ.ಮೀ.ಗೇ ಎರಡನೆಯ ಬಗೆಯ ಕಲೆ ಬಿದ್ದರೆ ನಿಮ್ಮ ಅನುಮಾನಕ್ಕೆ ಆಧಾರವಿದೆ ಎನ್ನಬಹುದು.

ಪ್ರಶ್ನೆ: ಆಯಿಲ್ ಹಾಕದಿದ್ದರೂ ಡಿಪ್‌ಸ್ಟಿಕ್‌ನ ಮೇಲಿನ ಗುರುತನ್ನು ದಾಟಿ ಏರಿದೆ. ಡೀಸೆಲ್ ವಾಸನೆಯೂ ಬರುತ್ತಿದೆ. ಹೆಚ್ಚಾದರೆ ಒಳ್ಳೆಯದೇ ಅಲ್ಲವೇ?

ಉತ್ತರ: ಒಳ್ಳೆಯದಲ್ಲ, ಅದು ಡೀಸೆಲ್ ಬೆರೆತ ಲಕ್ಷಣ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತನ್ನನ್ನು ಸುಟ್ಟು ಶುಚಿಗೊಳಿಸಿಕೊಳ್ಳುವಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಆ ಕೆಲಸ ಮುಗಿಯುವ ಮೊದಲೇ ನೀವು ಪದೇ ಪದೇ ಎಂಜಿನ್ ಆರಿಸಿದರೆ ಮತ್ತೆ ಮತ್ತೆ ಮೊದಲಿನಿಂದ ಶುರುವಾಗಿ, ಸಿಲಿಂಡರ್ ಗೋಡೆಯಲ್ಲಿ ಇಳಿದ ಡೀಸೆಲ್ ಆಯಿಲನ್ನು ಸೇರುತ್ತದೆ. ತೆಳ್ಳಗಾದ ಆಯಿಲ್ ಟರ್ಬೊ ಬೇರಿಂಗನ್ನು ಕಾಯಲಾರದು. ಮಟ್ಟ ತೀರಾ ಏರಿದರೆ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಉರಿಸಿ, ಕೀಲಿ ತೆಗೆದರೂ ನಿಲ್ಲದೆ ಓಡುವ ಅಪಾಯವಿದೆ. ಆಯಿಲ್ ಬದಲಿಸುವವರೆಗೆ ಕಾರು ತೆಗೆಯಬೇಡಿ. ಸ್ಕ್ಯಾನರ್ ಹಾಕಿಸಿ ಡಿಪಿಎಫ್ ತುಂಬಿದ ಪ್ರಮಾಣ ನೋಡಿಸಿ, ಇಂಜೆಕ್ಟರುಗಳು ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಬಸಿದ ಆಯಿಲಿನಲ್ಲಿ ಮಿಂಚುವ ಹುಡಿ ಕಂಡಿತು. ಏನಿರಬಹುದು?

ಉತ್ತರ: ಸವೆದ ಲೋಹ. ಹೊಸ ಎಂಜಿನ್ನಿನ ಮೊದಲ ಬದಲಾವಣೆಯಲ್ಲಿ ಬಹಳ ನಯವಾದ ಹುಡಿ ಸ್ವಲ್ಪ ಕಂಡರೆ ಸಹಜ. ಹಳೆಯ ಎಂಜಿನ್ನಿನಲ್ಲಿ ಕಂಡರೆ ಸಹಜವಲ್ಲ. ಅಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ ಅಥವಾ ಉಕ್ಕಿನ ಭಾಗ, ಅಂಟದೆ ತಾಮ್ರದ ಛಾಯೆ ಇದ್ದರೆ ಬೇರಿಂಗಿನ ಒಳಪದರ ಇರಬಹುದು. ಬಿಚ್ಚಿದ ಫಿಲ್ಟರನ್ನು ಎಸೆಯಲು ಬಿಡಬೇಡಿ. ಅದನ್ನು ಕತ್ತರಿಸಿ ಮಡಿಕೆಗಳನ್ನು ಬಿಳಿ ಕಾಗದದ ಮೇಲೆ ಹರಡಿಸಿ, ಏನು ಸಿಕ್ಕಿತೆಂದು ಬರೆಯಿರಿ.