ಕೇಟ್ಲಿನ್ ಕ್ಲಾರ್ಕ್ ಅವರ ಏರಿಕೆಯಲ್ಲಿ ಆಟದ ಪಾಲೆಷ್ಟು, ಪ್ರಚಾರದ ಪಾಲೆಷ್ಟು?

ಪದವಿ ತರಗತಿಯಲ್ಲಿ ಓದುತ್ತ ಬಾಸ್ಕೆಟ್‌ಬಾಲ್ ಆಡುವ ತಮ್ಮ ತಂಗಿಯ ಮಗಳು ಬಿಡುವಾದಾಗಲೆಲ್ಲ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಅವರ ವೀಡಿಯೊಗಳನ್ನೇ ನೋಡುತ್ತಾಳೆ, ಒಬ್ಬ ಕಾಲೇಜು ಹುಡುಗಿ ನಾಲ್ಕು ವರ್ಷಗಳಲ್ಲಿ ಅಷ್ಟು ಮೇಲೇರಿದ್ದು ಆಟದಿಂದಲೋ ಪ್ರಚಾರದಿಂದಲೋ ಎಂದು ತಾವು ಕೇಳಿದ್ದೀರಿ. ನಾನು ಕಾಸರಗೋಡಿನ ಕನ್ನಡ ಶಾಲೆಯೊಂದರಲ್ಲಿ ಬಹುಕಾಲ ದೈಹಿಕ ಶಿಕ್ಷಣ ಅಧ್ಯಾಪಕನಾಗಿದ್ದವನು; ಆಕೆಯ ಪಂದ್ಯಗಳನ್ನು ನಸುಕಿನಲ್ಲಿ ಎದ್ದು ನೋಡಿದವನೂ ಹೌದು. ಆಟದಿಂದಲೇ ಎಂಬುದು ನನ್ನ ಉತ್ತರ. ಆದರೆ ಹುಡುಗಿಯರ ಆಟವನ್ನು ನೋಡಿ ರೂಢಿಯಿದ್ದ ಜನ ಆಕೆಯ ರಾಜ್ಯದಲ್ಲಿ ಮೊದಲೇ ಇದ್ದರು ಎಂಬುದನ್ನೂ ಸೇರಿಸಬೇಕು.

2002ರಲ್ಲಿ ಅಯೋವಾ ರಾಜ್ಯದಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ಹುಡುಗರ ತಂಡಗಳಲ್ಲಿ ಆಡಿ ಬೆಳೆದ ಕ್ಲಾರ್ಕ್, 2020ರಲ್ಲಿ ಹೊರರಾಜ್ಯಕ್ಕೆ ಹೋಗದೆ ಅಯೋವಾ ವಿಶ್ವವಿದ್ಯಾನಿಲಯವನ್ನೇ ಸೇರಿದರು. ಮೊದಲ ವರ್ಷವೇ ಪಂದ್ಯವೊಂದಕ್ಕೆ ಸರಾಸರಿ 26.6 ಅಂಕಗಳೊಂದಿಗೆ ಇಡೀ ದೇಶಕ್ಕೆ ಮುಂದಿದ್ದರು. ಎರಡನೆಯ ವರ್ಷ ಅಂಕ ಗಳಿಕೆಯಲ್ಲೂ, ಅಂಕಕ್ಕೆ ಕಾರಣವಾಗುವ ಪಾಸ್ ಕೊಡುವುದರಲ್ಲೂ ಒಟ್ಟಿಗೆ ಮೊದಲಿಗರಾದರು. ಅಲ್ಲಿನ ಪ್ರಥಮ ದರ್ಜೆಯ ಮಹಿಳಾ ಕಾಲೇಜು ಆಟದಲ್ಲಿ ಅದನ್ನು ಅದುವರೆಗೆ ಯಾರೂ ಮಾಡಿರಲಿಲ್ಲ. ತಮ್ಮ ಸೋದರ ಸೊಸೆಗೆ ನಾನು ತೋರಿಸಬಯಸುವುದು ಇದನ್ನೇ. ವೀಡಿಯೊಗಳಲ್ಲಿ ಕಾಣುವುದು ದೂರದ ಎಸೆತಗಳು ಮಾತ್ರ. ಮೂರಂಕದ ಗೆರೆ (ಇದರಾಚೆಯಿಂದ ಬುಟ್ಟಿಗೆ ಹಾಕಿದರೆ ಎರಡರ ಬದಲು ಮೂರು ಅಂಕ) ಬುಟ್ಟಿಯಿಂದ 6.75 ಮೀಟರ್ ದೂರದಲ್ಲಿದ್ದರೆ, ಆಕೆ ಒಂಬತ್ತು ಮೀಟರ್ ಆಚೆಯಿಂದಲೂ ಗುರಿ ಹಿಡಿಯುವವರು. ಆದ್ದರಿಂದ ಕಾವಲಿಗೆ ನಿಂತವಳು ಅಷ್ಟು ದೂರ ಹೊರಗೆ ಬರಲೇಬೇಕು, ಬಂದ ಕೂಡಲೇ ಅವಳ ಬೆನ್ನ ಹಿಂದೆ ಜಾಗ ತೆರೆಯುತ್ತದೆ, ಆ ಜಾಗಕ್ಕೆ ಓಡುವ ಗೆಳತಿಗೆ ಚೆಂಡು ತಲುಪುತ್ತದೆ. ಎಸೆತವನ್ನು ಮಾತ್ರ ಅನುಕರಿಸಿದವರಿಗೆ ಆಟದ ಅರ್ಧವೂ ದಕ್ಕುವುದಿಲ್ಲ.

2023ರ ರಾಷ್ಟ್ರೀಯ ಟೂರ್ನಿಯಲ್ಲಿ ಲೂಯಿವಿಲ್ ವಿರುದ್ಧ 41 ಅಂಕ, 12 ಅಸಿಸ್ಟ್ (ಅಂಕಕ್ಕೆ ಕಾರಣವಾದ ಪಾಸ್), 10 ರಿಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡನ್ನು ಹಿಡಿದದ್ದು) ಗಳಿಸಿದ ಮೇಲೆ, ಸತತ 42 ಪಂದ್ಯಗಳನ್ನು ಗೆದ್ದು ಬಂದಿದ್ದ ಸೌತ್ ಕೆರೊಲಿನಾ ತಂಡವನ್ನು ಸೆಮಿಫೈನಲಿನಲ್ಲಿ ಸೋಲಿಸಿದಾಗ ಆಕೆ ಮನೆಮಾತಾದರು. ಫೈನಲಿನಲ್ಲಿ ಅಯೋವಾ ಸೋತಿತು. 2024ರ ಫೈನಲಿನಲ್ಲೂ ಸೋತಿತು. ರಾಷ್ಟ್ರೀಯ ಟೂರ್ನಿಯನ್ನು ಒಮ್ಮೆಯೂ ಗೆಲ್ಲದೆ ಬಂದ ಕೀರ್ತಿ ಇದೆಂಬುದನ್ನು ಆಕೆಯ ಟೀಕಾಕಾರರು ಮರೆಯುವುದಿಲ್ಲ, ಮರೆಯಬೇಕಾಗಿಯೂ ಇಲ್ಲ. ಕಾಲೇಜು ಆಟದಲ್ಲಿ ಆಕೆ ಒಟ್ಟು ಗಳಿಸಿದ 3,951 ಅಂಕಗಳ ದಾಖಲೆಯ ಬಗ್ಗೆಯೂ ಒಂದಿಷ್ಟು ಎಚ್ಚರ ಬೇಕು. ಅಲ್ಲಿನ ಮಹಿಳಾ ಕಾಲೇಜು ಆಟವನ್ನು ಈಗಿನ ರಾಷ್ಟ್ರೀಯ ಸಂಸ್ಥೆ ವಹಿಸಿಕೊಂಡದ್ದು 1980ರ ದಶಕದ ಆರಂಭದಲ್ಲಿ. ಅದಕ್ಕೂ ಮೊದಲು, ಮೂರಂಕದ ಗೆರೆಯೇ ಇಲ್ಲದ ಕಾಲದಲ್ಲಿ, ಸಣ್ಣ ಕಾಲೇಜುಗಳ ವಿಭಾಗದಲ್ಲಿ ಆಡಿದ ಪರ್ಲ್ ಮೂರ್ 4,061 ಅಂಕ ಗಳಿಸಿದ್ದರು. ಪತ್ರಿಕೆಗಳ ತಲೆಬರಹಗಳಲ್ಲಿ ಮೂರ್ ಅವರ ಹೆಸರು ಕಾಣಿಸಿದ್ದು ಅಪರೂಪ.

ಇನ್ನು ಆಕೆಯ ರಾಜ್ಯದ ವಿಚಾರ. ಅಮೆರಿಕದ ದೊಡ್ಡ ವೃತ್ತಿಪರ ಲೀಗುಗಳ ಒಂದು ತಂಡವೂ ಅಯೋವಾದಲ್ಲಿಲ್ಲ. ವಿಶ್ವವಿದ್ಯಾನಿಲಯದ ತಂಡವೇ ಊರಿನ ತಂಡ. ಅದಕ್ಕಿಂತ ಹೆಚ್ಚಾಗಿ, 1993ರವರೆಗೂ ಅಲ್ಲಿನ ಶಾಲೆಗಳಲ್ಲಿ ಹುಡುಗಿಯರಿಗೆಂದೇ ಆರು ಜನರ ಬಾಸ್ಕೆಟ್‌ಬಾಲ್ ನಡೆಯುತ್ತಿತ್ತು: ಮೂವರು ಎಸೆಯುವವರು, ಮೂವರು ತಡೆಯುವವರು, ಯಾರೂ ನಡುಗೆರೆ ದಾಟುವಂತಿಲ್ಲ, ಚೆಂಡನ್ನು ಎರಡಕ್ಕಿಂತ ಹೆಚ್ಚು ಬಾರಿ ನೆಲಕ್ಕೆ ಪುಟಿಸುವಂತಿಲ್ಲ. ಹುಡುಗಿಯರಿಗೆ ಹೆಚ್ಚು ಓಟ ಒಗ್ಗದೆಂಬ ಹಳೆಯ ನಂಬಿಕೆಯಿಂದ ಹುಟ್ಟಿದ ನಿಯಮಗಳಿವು. ಆದರೂ ಆ ಆಟದ ರಾಜ್ಯ ಟೂರ್ನಿಗೆ ಸಣ್ಣಪುಟ್ಟ ಊರುಗಳಿಂದ ಜನ ಕಿಕ್ಕಿರಿದು ಬರುತ್ತಿದ್ದರು. 1968ರಲ್ಲಿ ಒಂದೇ ಪಂದ್ಯದಲ್ಲಿ 111 ಅಂಕ ಗಳಿಸಿದ ಡೆನಿಸ್ ಲಾಂಗ್ ಎಂಬ ಹುಡುಗಿಯ ಹೆಸರನ್ನು ಪುರುಷರ ವೃತ್ತಿಪರ ತಂಡವೊಂದು ಮರುವರ್ಷ ತನ್ನ ಆಯ್ಕೆ ಪಟ್ಟಿಗೇ ಸೇರಿಸಿತ್ತು. ನಮ್ಮಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಕಬಡ್ಡಿಗೆ ಸೇರುವ ಜನರಂತೆ, ಅಲ್ಲಿನ ಅಜ್ಜಿಯಂದಿರಿಗೂ ಆಟದ ಒಳಗು ತಿಳಿದಿತ್ತು. 2023ರ ಅಕ್ಟೋಬರಿನಲ್ಲಿ ಫುಟ್‌ಬಾಲ್ ಮೈದಾನವೊಂದರಲ್ಲಿ ನಡೆದ ಕ್ಲಾರ್ಕ್ ಅವರ ಪ್ರದರ್ಶನ ಪಂದ್ಯಕ್ಕೆ 55,646 ಮಂದಿ ಬಂದದ್ದನ್ನು ಕೇವಲ ಪ್ರಚಾರದ ಫಲ ಎನ್ನಲು ನನಗೆ ಮನಸ್ಸು ಬಾರದು.

ಪ್ರಚಾರ ಇರಲಿಲ್ಲವೆಂದಲ್ಲ. 2021ರಿಂದ ಕಾಲೇಜು ಆಟಗಾರರು ಜಾಹೀರಾತಿನಿಂದ ಹಣ ಪಡೆಯಲು ಅನುಮತಿ ಸಿಕ್ಕಿತು, ನೈಕಿಯಂಥ ಕಂಪನಿಗಳು ಕ್ಲಾರ್ಕ್ ಅವರ ಮುಖವನ್ನು ಮನೆಮನೆಗೆ ಮುಟ್ಟಿಸಿದವು, 2024ರ ಮಹಿಳಾ ಫೈನಲನ್ನು ನೋಡಿದವರ ಸಂಖ್ಯೆ ಪುರುಷರ ಫೈನಲಿನದನ್ನು ಮೀರಿತು.

ತಮ್ಮ ಹುಡುಗಿಗೆ ಹತ್ತಿರದ ದಾರಿ ಬೇರೆ. ಕೇರಳದಲ್ಲಿ ಒಳ್ಳೆಯ ಆಟಗಾರ್ತಿಯರು ಬೆಳೆಯುವುದು ಹೆಚ್ಚಾಗಿ ಕ್ರೀಡಾ ಹಾಸ್ಟೆಲು, ಕಾಲೇಜು ತಂಡ, ವಿಶ್ವವಿದ್ಯಾನಿಲಯದ ತಂಡ, ಅನಂತರ ರೈಲ್ವೆ ಅಥವಾ ವಿದ್ಯುಚ್ಛಕ್ತಿ ಮಂಡಳಿಯ ಉದ್ಯೋಗ ಎಂಬ ಸರಣಿಯಲ್ಲಿ. ಗೀತು ಅನ್ನಾ ಜೋಸ್ ರೈಲ್ವೆಯಿಂದ ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೂ, 2011ರಲ್ಲಿ ಅಮೆರಿಕದ ವೃತ್ತಿಪರ ತಂಡಗಳ ಆಯ್ಕೆ ಶಿಬಿರಗಳಿಗೂ ಹೋದರು, ವಯನಾಡಿನ ಪಿ.ಎಸ್. ಜೀನಾ ವಿದ್ಯುಚ್ಛಕ್ತಿ ಮಂಡಳಿಯಲ್ಲಿದ್ದುಕೊಂಡೇ ಭಾರತದ ನಾಯಕಿಯಾದರು. ಪದವಿಯ ಮೊದಲ ವರ್ಷದಲ್ಲಿಯೇ ಕಣ್ಣೂರು ವಿಶ್ವವಿದ್ಯಾನಿಲಯದ ಅಂತರ ಕಾಲೇಜು ಪಂದ್ಯಗಳಲ್ಲಿ ಆಡಲು ತೊಡಗಿದರೆ ಆಯ್ಕೆಗಾರರ ಕಣ್ಣಿಗೆ ಬೀಳುವ ಅವಕಾಶ ಪ್ರತಿವರ್ಷವೂ ಸಿಗುತ್ತದೆ. ಒಳ್ಳೆಯ ಕೋರ್ಟ್ ಹತ್ತಿರದಲ್ಲಿಲ್ಲದಿದ್ದರೂ ಪಾಸ್ ಕೊಡುವ ಅಭ್ಯಾಸಕ್ಕೆ ಶಾಲೆಯ ಅಂಗಳವೂ ಒಬ್ಬಳು ಜೊತೆಗಾತಿಯೂ ಸಾಕು. ದೂರದ ಎಸೆತಕ್ಕೆ ಮೊದಲು ಅದನ್ನೇ ಆರಂಭಿಸಲು ಹೇಳಿ.