ಅಡಿಕೆ ಹಾಳೆಯ ನೀರು, ಗಡಿಯಾಚೆಯ ಆಸ್ಪತ್ರೆ

ಕಾಸರಗೋಡಿನ ಕಡೆ ಮಳೆಗಾಲ ಬಂತೆಂದರೆ ಡೆಂಗ್ಯೂ ಸುದ್ದಿ ಯಾಕೆ, ಹೊಗೆ ಬಿಟ್ಟರೆ ಮುಗಿಯುತ್ತದಲ್ವಾ ಅಂತ ಕೇಳಿದ್ದೀರಿ. ಮುಗಿಯುವುದಿಲ್ಲ. ಅದು ಅರ್ಥವಾಗಬೇಕಾದರೆ ನಮ್ಮ ಮನೆಗಳು ಇರುವ ಜಾಗ ಗೊತ್ತಿರಬೇಕು.

ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಮನೆ ಅಂದರೆ ಹೆಚ್ಚಾಗಿ ತೋಟದೊಳಗಿನ ಮನೆ. ಸುತ್ತ ಅಡಿಕೆ, ನಡುವೆ ಕೊಕ್ಕೋ, ಗುಡ್ಡದಲ್ಲಿ ರಬ್ಬರ್. ಪೇಟೆಯವರು ಡ್ರಮ್, ಟಯರ್, ಫ್ರಿಜ್ಜಿನ ಹಿಂದಿನ ಟ್ರೇ ನೋಡಿದರೆ ಅರ್ಧ ಕೆಲಸ ಆಯಿತು. ನಮ್ಮಲ್ಲಿ ತೋಟವೇ ನೀರು ಹಿಡಿಯುವ ಪಾತ್ರೆ. ಅಡಿಕೆ ಸೋಗೆಯ ಬುಡದಲ್ಲಿ ದೋಣಿಯ ಹಾಗೆ ಇದ್ದು ಉದುರುವ ಹಾಳೆ, ಬೀಜ ತೆಗೆದು ಎಸೆದ ಕೊಕ್ಕೋ ಸಿಪ್ಪೆ, ಟ್ಯಾಪಿಂಗ್, ಅಂದರೆ ಹಾಲು ತೆಗೆಯುವುದು, ನಿಲ್ಲಿಸಿದ ಮೇಲೆ ಮರದಲ್ಲೇ ಬಿಟ್ಟ ರಬ್ಬರ್ ಹಾಲಿನ ಕಪ್ಪು, ತೆಂಗಿನ ಗೆರಟೆ. ಒಂದು ಮಳೆ ಬಂದರೆ ಎಲ್ಲವೂ ತುಂಬುತ್ತವೆ.

ಮಳೆ ಬಿಟ್ಟ ಮೂರ‍್ನಾಲ್ಕು ದಿನಕ್ಕೆ ಒಂದು ಹಾಳೆಯ ಹತ್ತಿರ ಕೂತು ಟಾರ್ಚ್ ಬಿಟ್ಟು ನೋಡಿ. ಅಂಗೈಯಷ್ಟು ನೀರಿದ್ದರೂ ಸಾಕು. ಮೊದಲು ಏನೂ ಕಾಣುವುದಿಲ್ಲ. ನಿಮ್ಮ ನೆರಳು ಬಿದ್ದ ಕೂಡಲೇ ಲಾರ್ವಾಗಳು, ಅಂದರೆ ಸೊಳ್ಳೆಯ ಮರಿಗಳು, ಕೊಂಕಿಕೊಂಡು ತಳಕ್ಕೆ ಇಳಿದಿರುತ್ತವೆ. ಅಲುಗಾಡದೆ ಕಾದರೆ ಒಂದೊಂದಾಗಿ ಮೇಲೆ ಬಂದು, ತಲೆ ಕೆಳಗೆ ಮಾಡಿ ನೇತಾಡುತ್ತಾ ಉಸಿರು ತೆಗೆದುಕೊಳ್ಳುತ್ತವೆ. ಒಂದು ವಾರ, ಹತ್ತು ದಿನದೊಳಗೆ ಅವು ಹಾರಿ ಹೋಗುತ್ತವೆ. ತೋಟದಲ್ಲಿ ಹಗಲು ಹೊತ್ತು ಕಚ್ಚುವ ಕಪ್ಪು ಸೊಳ್ಳೆ, ಬೆನ್ನ ಮೇಲೆ ಉದ್ದಕ್ಕೆ ಒಂದೇ ಬಿಳಿ ಗೆರೆ, ಅದು ಈಡಿಸ್ ಅಲ್ಬೊಪಿಕ್ಟಸ್. ಡೆಂಗ್ಯೂ, ಚಿಕುನ್‌ಗುನ್ಯಾ ಎರಡನ್ನೂ ಹರಡುತ್ತದೆ. 2006-07ರಲ್ಲಿ ಕೇರಳದಲ್ಲಿ ಚಿಕುನ್‌ಗುನ್ಯಾ ಹಬ್ಬಿದಾಗ ಗಂಟು ಹಿಡಿದು ಮಲಗಿದವರು ಆ ನೋವನ್ನು ಇವತ್ತಿಗೂ ಮರೆತಿಲ್ಲ.

ಈ ಸೊಳ್ಳೆಯ ಮೊಟ್ಟೆ ನೀರಿಗೆ ಸ್ವಲ್ಪ ಮೇಲೆ, ಪಾತ್ರೆಯ ಒಳಮೈಗೆ ಅಂಟಿಕೊಂಡಿರುತ್ತದೆ. ನೀರು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ಮಳೆ ನೀರು ತಾಗಿದರೆ ಒಡೆಯುತ್ತದೆ. ಅದಕ್ಕೇ ಡ್ರಮ್ಮಿನ ನೀರು ಚೆಲ್ಲಿದರೆ ಮಾತ್ರ ಸಾಲದು, ಒಳಗೆ ಗಟ್ಟಿಯಾಗಿ ತಿಕ್ಕಬೇಕು. ಹೊಗೆ ಕೊಲ್ಲುವುದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ. ಹಾಳೆಯ ನೀರಿನಲ್ಲಿರುವ ಲಾರ್ವಾಕ್ಕೆ ಏನೂ ಆಗುವುದಿಲ್ಲ. ಇನ್ನೊಂದು ಮಾತೂ ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷದ ಕೀಟನಾಶಕ ಸುರಿದಿದ್ದರು. ಎಣ್ಮಕಜೆಯಂಥ ಊರಿನ ಹಿರಿಯರು ಹೊಗೆ ಯಂತ್ರದ ಸದ್ದು ಕೇಳಿದರೆ ‘ಯಾವ ಮದ್ದು ಅದು?’ ಅಂತ ಕೇಳಿದರೆ ಅದನ್ನು ಹಠ ಅಂತ ತಳ್ಳಿಹಾಕಬೇಡಿ. ಕೇಳುವ ಹಕ್ಕು ಅವರಿಗಿದೆ, ಉತ್ತರ ಕೊಡುವ ಹೊಣೆ ಹೊಗೆ ಬಿಡಲು ಬಂದವರದ್ದು.

ಲೆಕ್ಕ ಇಡುವುದರಲ್ಲೂ ನಮ್ಮ ಕಡೆ ಒಂದು ತೊಡಕು. ಆರೋಗ್ಯ ಇಲಾಖೆಯವರು ನೂರು ಮನೆ ನೋಡಿ ಎಷ್ಟು ಮನೆಯಲ್ಲಿ ಲಾರ್ವಾ ಸಿಕ್ಕಿತು ಅಂತ ಬರೆದರೆ ಅದು ಹೌಸ್ ಇಂಡೆಕ್ಸ್. ಆ ನೂರು ಮನೆಗೆ ಲಾರ್ವಾ ಇದ್ದ ಪಾತ್ರೆ ಎಷ್ಟು ಅಂತ ಎಣಿಸಿದರೆ ಬ್ರಟೋ ಇಂಡೆಕ್ಸ್. ಹತ್ತು ಮನೆಯಲ್ಲಿ ಮಾತ್ರ ಸಿಕ್ಕಿತು, ಆದರೆ ಆ ಹತ್ತರಲ್ಲಿ ಲಾರ್ವಾ ಇದ್ದ ಅರವತ್ತು ಹಾಳೆ, ಕಪ್ಪು ಇದ್ದವು ಅಂದುಕೊಳ್ಳಿ. ಒಂದು ಲೆಕ್ಕದಲ್ಲಿ 10, ಇನ್ನೊಂದರಲ್ಲಿ 60. ತೋಟದ ಊರಿಗೆ ಎರಡನೆಯದೇ ನಿಜ ಹೇಳುವುದು. ಅದೂ ಎಣಿಸುವವರು ಅಂಗಳ ದಾಟಿ ತೋಟಕ್ಕೆ ಇಳಿದರೆ ಮಾತ್ರ.

ಕೇರಳದಲ್ಲಿ ಡ್ರೈ ಡೇ ಅಂತ ಇದೆ. ಶುಕ್ರವಾರ ಶಾಲೆ, ಶನಿವಾರ ಆಫೀಸು, ಭಾನುವಾರ ಮನೆ, ನೀರು ನಿಂತ ಜಾಗವನ್ನೆಲ್ಲ ಖಾಲಿ ಮಾಡಬೇಕು. ಒಳ್ಳೆಯ ಕ್ರಮ. ವಾರಕ್ಕೊಮ್ಮೆ ಮಾಡಿದರೆ ಲಾರ್ವಾ ಸೊಳ್ಳೆಯಾಗುವ ಮೊದಲೇ ಕೈಗೆ ಸಿಗುತ್ತದೆ. ಆದರೆ ಮಲಯಾಳದ ನೋಟೀಸು ಓದಲು ಬಾರದ ಅಜ್ಜಿಯರು ಇಲ್ಲಿ ಎಷ್ಟೋ ಮಂದಿ. ಆಶಾ ಕಾರ್ಯಕರ್ತೆ ಬಂದು ತುಳುವಿನಲ್ಲೋ ಕನ್ನಡದಲ್ಲೋ ‘ಅಮ್ಮಾ, ಹಾಳೆ ಕವುಚಿ ಹಾಕಿ, ರಬ್ಬರ್ ಕಪ್ಪು ಮಗುಚಿಡಿ’ ಅಂದರೆ ಕೆಲಸ ಆಗುತ್ತದೆ. ಆ ಹೆಂಗಸರು ಮಳೆಯಲ್ಲಿ ಗುಡ್ಡ ಹತ್ತಿ ಇಳಿಯುವುದನ್ನು ನೋಡಿದವರಿಗೆ ಅವರ ಬೆಲೆ ಗೊತ್ತು.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವುದು ಗಡಿಯ ವಿಷಯದಲ್ಲಿ. ಈ ಸೊಳ್ಳೆ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರಿಗಿಂತ ದೂರ ಹೋಗುವುದು ಕಡಿಮೆ. ವೈರಸ್ಸನ್ನು ಊರಿಂದೂರಿಗೆ ಒಯ್ಯುವುದು ಮನುಷ್ಯರು. ನಾವು ದಿನಾ ತಲಪಾಡಿಯಂಥ ಕಡೆ ಕರ್ನಾಟಕದ ಗಡಿ ದಾಟುವವರು. ಕಾಲೇಜು, ಕೆಲಸ, ಜ್ವರ ಜೋರಾದರೆ ಆಸ್ಪತ್ರೆ, ಎಲ್ಲಕ್ಕೂ ಮಂಗಳೂರು, ದೇರಳಕಟ್ಟೆ, ಪುತ್ತೂರು. ರಕ್ತ ಪರೀಕ್ಷೆ ಕರ್ನಾಟಕದಲ್ಲಿ, ಸೊಳ್ಳೆ ಕೇರಳದ ತೋಟದಲ್ಲಿ. ಅಲ್ಲಿನ ವರದಿ ಜಿಲ್ಲೆ, ರಾಜ್ಯ ದಾಟಿ ನಮ್ಮ ಪಂಚಾಯತಿನ ಹೆಲ್ತ್ ಇನ್‌ಸ್ಪೆಕ್ಟರಿಗೆ ತಲುಪಬೇಕು. ರೋಗಿಯ ರಕ್ತ ಕುಡಿದ ಸೊಳ್ಳೆ ಇನ್ನೊಬ್ಬರಿಗೆ ರೋಗ ಹರಡಲು ಸುಮಾರು 8ರಿಂದ 12 ದಿನ ಬೇಕು. ನಮಗೆ ಸಿಗುವ ಸಮಯ ಅಷ್ಟೇ. ಸುದ್ದಿ ಬರುವಾಗಲೇ ಹತ್ತು ದಿನ ಕಳೆದರೆ ಆ ಸೊಳ್ಳೆ ಪಕ್ಕದ ಮನೆಯವರಿಗೆ ರೋಗ ದಾಟಿಸಲು ಶುರು ಮಾಡುವ ಹೊತ್ತು.

ಅದರ ಮೇಲೆ ಕೆಲವರು ಆಸ್ಪತ್ರೆಯಲ್ಲಿ ಮಂಗಳೂರಿನಲ್ಲಿರುವ ಮಗನ ಫ್ಲ್ಯಾಟಿನ ವಿಳಾಸ ಕೊಡುತ್ತಾರೆ. ಫೋನ್ ಮಾಡಲು ಸುಲಭ ಅಂತ ಅಷ್ಟೇ. ಆಗ ಲಾರ್ವಾ ಹುಡುಕುವವರು ಹೋಗುವುದು ಆ ಫ್ಲ್ಯಾಟಿಗೆ.

ಕಾನೂನೂ ಎರಡು. ಕರ್ನಾಟಕ 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗದ ಪಟ್ಟಿಗೆ ಸೇರಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. ಈಚೆ ಕೇರಳದ 2023ರ ಸಾರ್ವಜನಿಕ ಆರೋಗ್ಯ ಕಾಯಿದೆ. ದಂಡಕ್ಕಿಂತ ಎರಡೂ ಕಡೆಯ ಇನ್‌ಸ್ಪೆಕ್ಟರುಗಳು ಒಬ್ಬರಿಗೊಬ್ಬರು ನೇರ ಫೋನ್ ಮಾಡುವ ರೂಢಿ ಬಂದರೆ ಜಾಸ್ತಿ ಪ್ರಯೋಜನ ಅಂತ ನನ್ನ ಅಭಿಪ್ರಾಯ.

ನೀವು ಮಳೆಗಾಲದಲ್ಲಿ ಈ ಕಡೆ ಬಂದು, ಹೋದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಉಳಿದುಕೊಂಡಿದ್ದ ಊರು, ಪಂಚಾಯತು ಹೇಳಿ. ಮೊದಲ ಐದು ದಿನ ಹಗಲಿಗೂ ಪರದೆಯೊಳಗೆ ಮಲಗಿ, ಆಗ ನಿಮ್ಮಿಂದ ಸೊಳ್ಳೆಗೆ ವೈರಸ್ ಹೋಗುವುದಿಲ್ಲ. ಇಲ್ಲಿ ಉಳಿದುಕೊಂಡಿದ್ದ ಮನೆಯವರಿಗೂ ಒಂದು ಫೋನ್ ಮಾಡಿ. ವಾರ್ಡಿನ ಆಶಾಗೆ ಅವರೇ ತಿಳಿಸುತ್ತಾರೆ, ಮರುದಿನವೇ ತೋಟದ ಹಾಳೆ ನೋಡಲು ಜನ ಬರುತ್ತಾರೆ.